ಹೊರೆ ಹೊರದ ಪಟ್ಟಿ

ನೂಲು ಇನ್ನೂ ಹಾಕಿಲ್ಲ,
ಪರದೆಯ ಮೇಲೆ ಆಗಲೇ ಹನ್ನೊಂದು ಗ್ರಾಂ ಎಳೆತ.
ಯಾರು ಎಳೆಯುತ್ತಿದ್ದಾರೆ?
ಶಿಡ್ಲಘಟ್ಟದ ಈ ಓಣಿಯಲ್ಲಿ
ಆರಕ್ಕೆ ಒಲೆಗೆ ಬೆಂಕಿ ಬಿದ್ದರೆ
ಏಳಕ್ಕೆ ಗೋಡೆ ಬೆವರುತ್ತದೆ,
ಎಂಟಕ್ಕೆ ನನ್ನ ಸೊನ್ನೆ ಎದ್ದು ನಡೆಯುತ್ತದೆ.

ನಾನು ಚಿಂತಾಮಣಿಯ ತಕ್ಕಡಿ ಮುನಿನಂಜಪ್ಪನ ಮಗಳು.
ಅಪ್ಪನ ತಗಡಿನ ಡಬ್ಬಿಯಲ್ಲಿ ಗುಲಗಂಜಿಗಳಿದ್ದವು, ಅಜ್ಜನ ಕಾಲದವು;
ಒಂದರ ಮಾತನ್ನು ಇನ್ನೊಂದು ಒಪ್ಪುತ್ತಿರಲಿಲ್ಲ.
ತಪ್ಪು ತೂಗುವ ತಕ್ಕಡಿ ಇರಲಿ ಬಿಡು, ಅನ್ನುತ್ತಿದ್ದ,
ತಪ್ಪನ್ನು ಕಳೆಯಬಹುದು;
ದಿನಕ್ಕೊಂದು ಹೇಳುವುದನ್ನು ಮಾತ್ರ
ಅಂಗಡಿಯಲ್ಲಿ ಇಟ್ಟುಕೊಳ್ಳಬೇಡ.

ಉಗುರಗಲದ ಉಕ್ಕಿನ ಪಟ್ಟಿ, ತುದಿಗೊಂದು ಪುಟ್ಟ ಗಾಲಿ.
ಬಾಣಲೆಯ ಗೂಡಿನಿಂದ ಎದ್ದ ರೇಷ್ಮೆಯೆಳೆ
ಗಾಲಿಯನ್ನು ಒತ್ತಿ ಹಾದರೆ ಪಟ್ಟಿ ಬಾಗುತ್ತದೆ.
ಬಾಗುತ್ತದೆ ಅನ್ನುವುದೂ ದೊಡ್ಡ ಮಾತೇ:
ನಮಸ್ಕರಿಸಲೋ ಬೇಡವೋ ಎಂದು
ಯೋಚಿಸಿದಷ್ಟು.
ಅಷ್ಟನ್ನೇ ಅದರ ಬೆನ್ನಿಗಂಟಿದ ಗೇಜು,
ಅಂಕುಡೊಂಕು ಗೆರೆಯ ಒಂದು ತೆಳುಹಾಳೆ,
ತಾನೂ ಹಿಗ್ಗಿ ವಿದ್ಯುತ್ತಿನ ಕಿವಿಗೆ ಹೇಳಬೇಕು.

ಮರಳುಕಾಗದದಲ್ಲಿ ಅಡ್ಡಡ್ಡ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ,
ಉಸಿರು ಬಿಗಿಹಿಡಿದು ಹೆಬ್ಬೆರಳು ಒತ್ತಬೇಕು.
ಅಂಟಿನಡಿ ಒಂದು ಗುಳ್ಳೆ ಸಿಕ್ಕರೆ
ಬದುಕಿರುವಷ್ಟು ಕಾಲ ಅದು ಸುಳ್ಳೇ ಹೇಳುತ್ತದೆ.
ಮೂರು ಕೆಡಿಸಿದೆ.
ನಾಲ್ಕನೆಯದು ಕೂತಿತು. ಅಕ್ಕಸಾಲಿಯ ಬೊಟ್ಟುಗಳನ್ನು
ಒಂದೊಂದಾಗಿ ಏರಿಸಿ, ಒಂದೊಂದಾಗಿ ಇಳಿಸಿದೆ.
ಏರುವಾಗ ಹೇಳಿದ್ದನ್ನು ಇಳಿಯುವಾಗಲೂ ಹೇಳಿತು.
ಖುಷಿಯಾಯಿತು. ಅದು ನನ್ನ ಮನೆಯ ತಂಪಿನಲ್ಲಿ.

ಇಲ್ಲಿ ಹಬೆ.
ಇಲ್ಲಿ ಜಬೀವುಲ್ಲಾ ಸಾಹೇಬರ ಲೆಕ್ಕದ ಪುಸ್ತಕ:
ಖುರ್ಷಿದಾಳ ಕೈ ಬಿರುಸು, ಎಳೆ ತುಂಡಾಗುತ್ತದೆ,
ವಾರಕ್ಕೆ ಇಷ್ಟು ಮುರಿತ.
ಅವಳೇನೂ ಅನ್ನಲಿಲ್ಲ.
ಕುದಿನೀರಲ್ಲಿ ಬೆರಳದ್ದಿ ತುದಿ ಹುಡುಕುತ್ತಿದ್ದಳು,
ನೆರಿಗೆಗಟ್ಟಿದ, ಬೆಳ್ಳಗಾದ ಬೆರಳು.

ಮರುದಿನ ಇನ್ನೊಂದು ಪಟ್ಟಿ ತಂದೆ.
ಅದೇ ಉಕ್ಕು, ಅದೇ ಗೇಜು, ಅದೇ ಅಂಟು.
ಮೊದಲನೆಯದರ ಪಕ್ಕದಲ್ಲೇ ಇಟ್ಟೆ, ಗಾಲಿಯಿಲ್ಲದೆ, ನೂಲಿಲ್ಲದೆ.
ತಂತಿಗಳನ್ನು ಎದುರುಬದುರು ಬೆಸೆದೆ:
ಇಬ್ಬರಿಗೂ ಆದದ್ದು ಹೊಡೆದುಹೋಗಲಿ,
ಒಬ್ಬರಿಗೇ ಆದದ್ದು ಉಳಿಯಲಿ.

"ಇದೇನು ಕೆಲಸ ಮಾಡ್ತದೆ?" ಕೇಳಿದಳು ಖುರ್ಷಿದಾ.
"ಏನೂ ಮಾಡಲ್ಲ. ಸುಮ್ಮನೆ ನಿಮ್ಮ ಜೊತೆ ಬೇಯ್ತದೆ."
ಅವಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು:
"ನಿನ್ನಂಗೆ ಅನ್ನು."

ಸೊನ್ನೆ ನಿಂತಿತು.
ಹನ್ನೆರಡರ ಕಾವಿನಲ್ಲೂ ಕಟ್ಟಿಹಾಕಿದ ಹಸುವಿನ ಹಾಗೆ ನಿಂತಿತು.
ನೂಲು ಹಾಕಿದೆವು. ಏಳು, ಏಳೂವರೆ, ಏಳು,
ಥಟ್ಟನೆ ಇಪ್ಪತ್ತು.
ಮತ್ತೆ ಏಳು. ಏಳೂವರೆ. ಇಪ್ಪತ್ತು.
ರಾಟೆಯ ಸುತ್ತು ಎಣಿಸಿದೆ,
ಸುತ್ತಿಗೊಂದು.
ಅವಳ ಕೈ ತೆಗೆಸಿದೆ. ಆಗಲೂ ಸುತ್ತಿಗೊಂದು.
ಬಾಗಿದ್ದು ರಾಟೆಯ ಅಚ್ಚು, ಸಾಹೇಬರೇ,
ಎಂದೋ ಬಿದ್ದಿದ್ದಿರಬೇಕು.
ಅವರು ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

ಸಂಜೆಯೊಳಗೆ ಅಚ್ಚು ಬದಲಾಯಿತು.
ಮುರಿದುಕೊಂಡ ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ.
ನಾನೂ ಎತ್ತಲಿಲ್ಲ.
ನನ್ನ ಕೂಲಿ ಎಣಿಸಿಕೊಂಡು, ತಂತಿ ಸುತ್ತಿ,
ಪಟ್ಟಿಗಳೆರಡನ್ನೂ ಹತ್ತಿಯಲ್ಲಿಟ್ಟು ಹೊರಟೆ.

ಚಿಂತಾಮಣಿ ಬಸ್ಸಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡಳು.
ಸೀರೆಗೆ, ಕೂದಲಿಗೆ, ಚೀಲಕ್ಕೆ
ಬೆಂದ ಹುಳದ ವಾಸನೆ, ಖುರ್ಷಿದಾಳ ಮೈಯದೇ.
ಕೈ ಮುಂದೆ ಹಿಡಿದು ನೋಡಿಕೊಂಡೆ.
ಬೆರಳಲ್ಲಿ ಒಂದು ನೆರಿಗೆಯೂ ಇರಲಿಲ್ಲ.